ಆರನೇ ಅಧ್ಯಾಯದ ಸಾಕ್ಷಿ

ನಮ್ಮೂರ ಗ್ರಂಥಾಲಯದ ಅಟೆಂಡರ್ ಮರಿಬಸಪ್ಪ ಬೆನ್ನು ತಟ್ಟಿದರೆ ಎಂಥ ದಪ್ಪ ಪುಸ್ತಕವೂ ನಿಜ ಬಾಯಿಬಿಡುತ್ತಿತ್ತು!

ಒಂದು ದಿನ ಗ್ರಂಥಾಲಯದ ಅಧ್ಯಕ್ಷ ವಾಮನರಾಯರು ಧುಮುಗುಟ್ಟುತ್ತ ಬಂದರು. ವಿದ್ಯುತ್ ದೀಪದ ಸಂಶೋಧಕನೊಬ್ಬನ ಜೀವನಚರಿತ್ರೆ ಬರೆದವರು ಅವರೇ. ಓದುಗರ ಅಭಿಪ್ರಾಯದ ಪುಸ್ತಕದಲ್ಲಿ ಅದರ ಬಗ್ಗೆ ಬರೀ ದೂರು.

“ಈ ಹಾಳೆಗಳನ್ನು ಹರಿದುಹಾಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!”

“ಹರೀತೀನಿ ಸ್ವಾಮಿ. ಆದರೆ ನಿಮ್ಮ ಆರನೇ ಅಧ್ಯಾಯದಲ್ಲಿ ಆ ಮಹಾನುಭಾವ ಗಿರಾಕಿಗಳಿಗೆ ಏನಂದ? ‘ಹೊಗಳಬೇಡಿ, ನನ್ನ ದೀಪದ ದೋಷ ಬರೆದುಕೊಡಿ’ ಅಂದ. ನಮ್ಮ ಓದುಗರೂ ಹಾಗೇ ಮಾಡಿದ್ದಾರೆ. ಇದನ್ನು ಹರಿದರೆ, ನಿಮ್ಮ ಪುಸ್ತಕವನ್ನು ಯಾರಾದರೂ ಓದಿದ್ದಕ್ಕೆ ಸಾಕ್ಷಿ ಎಲ್ಲಿ?”

ರಾಯರು ಕನ್ನಡಕ ಏರಿಸಿ ಒಂದೊಂದೇ ಅಭಿಪ್ರಾಯ ಓದಿದರು. ಕೊನೆಗೆ ಮೆಲ್ಲಗೆ, “ಒಂಬತ್ತನೇ ಅಧ್ಯಾಯ ಅಷ್ಟು ಉದ್ದವಾಯಿತೇನಯ್ಯಾ?” ಎಂದರು.

“ಎರಡು ಸಲ ನಿದ್ದೆ ಬಂತು ಸ್ವಾಮಿ. ಎರಡು ಸಲವೂ ಎದ್ದು ಮುಂದಕ್ಕೆ ಓದಿದೆ.”

ರಾಯರು ತಮ್ಮ ಪೆನ್ನನ್ನೇ ಅವನ ಕೈಗಿಟ್ಟರು. “ಅದನ್ನೂ ಬರಿ.”