ಚಂದ್ರಿಗೆ ಎಷ್ಟು ಹಾಕ್ಲಿಬೇ?

ಹ್ಞೂಂ ಅನ್ನೂದೊಂದ ನಿಮ್ಮ ಕೆಲಸ, ಕಥಿ ಹೇಳೂದು ನಂದು. ನಡುವ “ಅವ ಹಂಗ್ಯಾಕ ಮಾಡಿದಾ?” ಅಂತ ಮಾತ್ರ ಕೇಳಬ್ಯಾಡ್ರಿ. ಅದು ಅವಗೂ ಗೊತ್ತಿಲ್ಲ, ಅವನ್ನ ಹಡದಾಕಿಗೂ ಗೊತ್ತಿಲ್ಲ, ನನಗರ ಎಲ್ಲಿಂದ ಗೊತ್ತಿರಬೇಕು?

ಒಂದೂರಾಗ ತಾರವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬ ಮಗ, ಭರಮ. ಒಂದು ಬಿಳಿ ಕುದರಿ, ಚಂದ್ರಿ. ಊರಾಗ ಯಾರ ಮದಿವಿ ಆದ್ರೂ ಮದುಮಗ ಕುಂಡ್ರೂದು ಚಂದ್ರಿ ಮ್ಯಾಲ. ಗಂಡ ಸತ್ತ ಮ್ಯಾಲ ತಾರವ್ವನ ಒಲಿ ಉರದದ್ದು ಆ ಕುದರಿಯಿಂದ, ಮಗನಿಂದ ಅಲ್ಲ. ಮಗ ಆಳೆತ್ತರ ಬೆಳದಿದ್ದ, ಮೀಸಿ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರ್ಯಾಗ ಇತ್ತು. ಹೇಳಿದ್ದು ಚಾಚೂ ತಪ್ಪದಂಗ ಮಾಡ್ತಿದ್ದ. ಅದ ಫಜೀತಿ!

ಒಂದಿನಾ ತಾರವ್ವ ನೀರ ತರೂ ಮುಂದ ಕಾಲ ಜಾರಿ ಬಿದ್ಲು. ಪಾದ ಉಳುಕಿ ಬಾತು ಕುಂಬಳಕಾಯಿ ಆತು. ವೈದ್ಯ ಬಂದು ಎಣ್ಣಿ ತಿಕ್ಕಿ, ಪಟ್ಟಿ ಕಟ್ಟಿ, “ನೆಲಕ್ಕ ಕಾಲ ಊರಿದಿ ಅಂದ್ರ ಜೀವಮಾನ ಕುಂಟತೀ ನೋಡು” ಅಂತ ಅಂಜಿಸಿ ಹೋದಾ. ಅತ್ಲಾಗ ರುದ್ರಗೌಡ್ರ ಮಗನ ಮದಿವಿ ಹತ್ರ ಬಂದಿತ್ತು. ಗೌಡ್ರು ಮೆರವಣಿಗಿಗೆ ಚಂದ್ರೀನ ಹೇಳಿ ಹೋಗಿದ್ರು.

ತಾರವ್ವ ಮಕ್ಕೊಂಡ ಹೊರಸು ಪಡಸಾಲ್ಯಾಗ, ಕುದರಿ ಕಟ್ಟೂ ತಬೇಲಾ ಹಿತ್ತಲದಾಗ. ಕುದರಿ ಸಪ್ಪಳ ಕೇಳತೈತಿ, ಕುದರಿ ಕಾಣೂದಿಲ್ಲ. ತಾರವ್ವಗ ಒಂದ ಕಡೆ ಕುಂಡ್ರಾಕ ಆಗವಲ್ದು. ಏಳ್ತಾಳ, ಕುಂಡ್ರತಾಳ, ಕಿವಿಗೊಡ್ತಾಳ, ಮತ್ತ ಏಳ್ತಾಳ. “ನಾ ಸತ್ತ ಮ್ಯಾಲ ಇವನ ಹೊಟ್ಟಿ ನೋಡಾವ್ರು ಯಾರು? ಆ ಕುದರಿ ಒಂದ. ಇವ ಅದರ ಹೊಟ್ಟಿ ನೋಡಾಕ ಕಲತ್ರ ಅದು ಇವನ ಹೊಟ್ಟಿ ನೋಡತೈತಿ. ಕಲೀಲಿಲ್ಲ ಅಂದ್ರ ಇಬ್ಬರೂ ಉಪವಾಸ!” ಇದ ಆಕಿ ಚಿಂತಿ, ಹಗಲೆಲ್ಲಾ ಇದ.

“ಭರಮಾ!”

“ಏನಬೇ?”

“ಚಂದ್ರಿಗೆ ಮೇವು ಹಾಕಿ ಬಾರಪಾ.”

“ಎಷ್ಟು ಹಾಕ್ಲಿಬೇ?”

“ಎಷ್ಟಂದ್ರ? ಅದು ಬ್ಯಾಡ ಅನ್ನೂತನಕ ಹಾಕು.”

“ಹ್ಞೂಂ.”

ಹೋದಾ. ಒಂದು ಪೆಂಡಿ ಹುಲ್ಲು ಹಾಕಿದಾ. ಕುದರಿ ಬ್ಯಾಡ ಅನ್ನಲಿಲ್ಲ. ಇನ್ನೊಂದು ಪೆಂಡಿ ಹಾಕಿದಾ. ಬ್ಯಾಡ ಅನ್ನಲಿಲ್ಲ. ಬಣವಿಗೆ ಹೋದಾ, ಹೊತಗೊಂಡು ಬಂದಾ, ಹಾಕಿದಾ. ಬಣವಿಗೆ ಹೋದಾ, ಹೊತಗೊಂಡು ಬಂದಾ, ಹಾಕಿದಾ. ಒಳಗ ತಾರವ್ವ ಹುಲ್ಲಿನ ಸಪ್ಪಳ ಕೇಳಿ, “ಏನ ದುಡೀತಾನವ್ವಾ ನನ್ನ ಮಗ!” ಅಂತ ಮೊದಲ ಖುಷಿಪಟ್ಲು. ಸಪ್ಪಳ ನಿಲ್ಲವಲ್ದು. ಖುಷಿ ಹೋತು, ಅಂಜಿಕಿ ಬಂತು.

“ಏ ಭರಮಾ! ಏನ ಮಾಡಾಕತ್ತೀಯೋ?”

“ಹಾಕಾಕತ್ತೀನಬೇ!”

“ಇನ್ನೂನಾ?”

“ಅದು ಬ್ಯಾಡ ಅನ್ನವಲ್ದಬೇ!”

ವೈದ್ಯ ಹೇಳಿದ್ದು ಹಾಳಾಗಿ ಹೋಗ್ಲಿ ಅಂತ ತಾರವ್ವ ಗ್ವಾಡಿ ಹಿಡಕೊಂಡು ಕುಂಟಕೋತ ಹಿತ್ತಲಕ್ಕ ಬಂದ್ಲು. ನೋಡ್ತಾಳ, ಬಣವಿ ಇದ್ದಲ್ಲಿ ಬಣವಿ ಇಲ್ಲ! ತಬೇಲಾದ ತುಂಬ ಹುಲ್ಲು. ಹುಲ್ಲಿನ ಮ್ಯಾಲ ಎರಡ ಕಿವಿ. ಕಿವಿ ಕೆಳಗ ಚಂದ್ರಿ, ಹೊಟ್ಟಿ ಉಬ್ಬಿ ನಗಾರಿ ಆಗೇತಿ, ತಿನ್ನೂದು ಮಾತ್ರ ಬಿಟ್ಟಿಲ್ಲ.

“ಅಯ್ಯ ನಿನ್ನ! ಕುದರಿಗೆ ಬ್ಯಾಡ ಅನ್ನಾಕ ಮಾತ ಬರತಾವೇನಲೇ ಖೋಡಿ? ಹೊಟ್ಟಿ ಒಡಕೊಂಡು ಸಾಯತೈತಿ ಹೊರ್ತು ಬ್ಯಾಡ ಅನ್ನೂದಿಲ್ಲ! ದುಡಿತಾ ನೋಡಿ ಹಾಕಬೇಕೋ. ದುಡದಾವ್ರಿಗೆ ಜಾಸ್ತಿ, ಸುಮ್ನ ನಿಂತಾವ್ರಿಗೆ ಕಡಿಮಿ. ತಿಳೀತಾ?”

“ತಿಳೀತಬೇ. ದುಡದಾವ್ರಿಗೆ ಜಾಸ್ತಿ, ಸುಮ್ನ ನಿಂತಾವ್ರಿಗೆ ಕಡಿಮಿ.”

“ಈಗ ಈ ಹುಲ್ಲೆಲ್ಲಾ ಹೊತ್ತು ಮತ್ತ ಬಣವಿ ಒಟ್ಟು!”

ಮರುದಿನಾ ಭರಮ ಹೊತ್ತ ಮುಣಗೂತನಕ ಹುಲ್ಲು ಹೊತ್ತಾ. ಬಣವಿ ಎದ್ದ ನಿಂತಿತು. ತಾರವ್ವ ಕುಂತಲ್ಲೇ ಹುರಳಿ ಕುದಿಸಿ ಕೊಟ್ಟು, “ಇದನ್ನ ತೋಬ್ರಾದಾಗ ಹಾಕಿ ಚಂದ್ರಿ ಮಾರಿಗೆ ಕಟ್ಟಿ ಬಾ” ಅಂದ್ಲು. ತೋಬ್ರಾ ಅಂದ್ರ ಕುದರಿ ಮಾರಿಗೆ ಕಾಳು ಕಟ್ಟೂ ಚೀಲ, ಗೊತ್ತೈತಿಲ್ಲ? ಭರಮ ಚೀಲಾ ಹಿಡಕೊಂಡು ಚಂದ್ರಿ ಮುಂದ ನಿಂತಾ. ಚಂದ್ರೀನ ನೋಡಿದಾ, ತನ್ನ ಕೈ ನೋಡಕೊಂಡಾ. ಹ್ಞಾಂ ಅಂದಾ. ಒಂದ ಹಿಡಿ ಹುರಳಿ ಕುದರಿಗೆ ಹಾಕಿ, ಚೀಲಾ ತನ್ನ ಕೊಳ್ಳಿಗೆ ಕಟಗೊಂಡು, ಮಾರಿ ಒಳಗ ಹಾಕಿ ಚಪಚಪ ತಿಂದಾ. ತಿಂದು ಒಳಗ ಬಂದು ರೊಟ್ಟಿ ಬುಟ್ಟಿ ಮುಂದ ಎಳಕೊಂಡಾ. ಅವ್ವನ ಕೈಯಾಗ ಒಂದ ಚೂರು ರೊಟ್ಟಿ ಇಟ್ಟಾ.

“ಯಾಕೋ, ಉಳದ ರೊಟ್ಟಿ ಎಲ್ಲಿ?”

“ನೀ ಹಗಲೆಲ್ಲಾ ಮಕ್ಕೊಂಡಿದ್ದೀಬೇ. ಮಕ್ಕೊಂಡಾಕಿಗೆ ಅಷ್ಟ.”

“ಅಯ್ಯ ಶಿವನ! ಮತ್ತ ಚಂದ್ರಿಗೆ ಹುರಳಿ ಹಾಕಿದಿಲ್ಲೋ?”

“ಅದೂ ಸುಮ್ನ ನಿಂತಿತ್ತು. ಒಂದ ಹಿಡಿ ಹಾಕಿದ್ನಿ. ದುಡದಾಂವ ನಾ, ಉಳದದ್ದು ನಾ ತಿಂದ್ನಿ.”

ತಾರವ್ವಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಹೊಟ್ಟಿ ಹಸದಿತ್ತು, ಅದಕ್ಕ ಬೈದ್ಲು.

“ನಾಚಿಕಿ ಆಗೂದಿಲ್ಲೇನೋ ಕುದರಿ ಕಾಳ ತಿನ್ನಾಕ? ದುಡಿಲಿ ಬಿಡಲಿ, ಅದರ ಮೈ ನೋಡಿ ಹಾಕಬೇಕು. ನಿಮ್ಮಪ್ಪ ದಿನಾ ಮುಂಜಾನೆ ಅದರ ಪಕ್ಕದಾಗ ಕೈ ಆಡಸ್ತಿದ್ದಾ. ಎಲುಬು ಕೈಗೆ ಹತ್ತಬೇಕು, ಕಣ್ಣಿಗೆ ಕಾಣಬಾರದು. ಹಂಗಿದ್ರ ಮೇವು ಸರಿ ಐತಿ ಅಂತ ತಿಳಕೊಂಡು, ಹಿಂದಿನ ದಿನಾ ಎಷ್ಟು ಹಾಕಿದ್ದನೋ ಅಷ್ಟ ಹಾಕ್ತಿದ್ದಾ. ತಿಳೀತಾ?”

“ತಿಳೀತಬೇ. ಕೈಗೆ ಹತ್ತಬೇಕು, ಕಣ್ಣಿಗೆ ಕಾಣಬಾರದು.”

ಮುಂಜಾನೆ ಎದ್ದು ಹೋದಾ. ಚಂದ್ರಿ ಪಕ್ಕದಾಗ ಕೈ ಆಡಿಸಿ ಬಂದಾ.

“ಎಲುಬು ಹೆಂಗ ಅದಾವೋ?”

“ಕೈಗೆ ಹತ್ತಾವು, ಕಣ್ಣಿಗೆ ಕಾಣೂದಿಲ್ಲಬೇ.”

“ಸರಿ ಐತಿ ಹಂಗಾರ. ನಿನ್ನಿ ಎಷ್ಟು ಹಾಕಿದ್ದಿ, ಅಷ್ಟ ಹಾಕು.”

ತಾರವ್ವ ಮರತಿದ್ಲು, ಭರಮ ಮರತಿರಲಿಲ್ಲ. ನಿನ್ನಿ ಹಾಕಿದ್ದು ಎಷ್ಟು? ಒಂದ ಹಿಡಿ! ಒಂದ ಹಿಡಿ ಹಾಕಿದಾ. ಮರುದಿನಾನೂ ಕೈಗೆ ಹತ್ತಿದವು, ಕಣ್ಣಿಗೆ ಕಾಣಲಿಲ್ಲ, ಒಂದ ಹಿಡಿ ಹಾಕಿದಾ. ಅದರ ಮರುದಿನಾನೂ ಅಷ್ಟ. ಹಿತ್ತಲದಾಗ ದಡ್ ದಡ್ ಅಂತ ಸಪ್ಪಳ ಸುರುವಾತು. ತಾರವ್ವ ಹೊರಸಿನ ಮ್ಯಾಲ ಹೊಳ್ಳಾಡಿದ್ಲು.

“ಯಾಕೋ ಚಂದ್ರಿ ಗ್ವಾಡಿ ಒದೀತೈತಿ?”

“ಕುಣಿಯಾಕತ್ತೈತಬೇ. ಮದಿವಿ ಬಂತಲ್ಲ!”

ಆಕಿಗೆ ಸಮಾಧಾನ ಆಗಲಿಲ್ಲ. ಎದ್ದು ನೋಡೂಣು ಅಂತ ಕಾಲ ಊರಾಕ ಹೋದ್ಲು, ಯವ್ವಾ ಅಂತ ಕುಂತ್ಲು. ಅಷ್ಟೊತ್ತಿಗೆ ರುದ್ರಗೌಡ್ರ ದನೀನ ಬಂತು ಹಿತ್ತಲದಿಂದ. ಮದಿವಿ ಕುದರಿ ಹೆಂಗೈತಿ ನೋಡೂಣಂತ ಬಂದಿದ್ರು.

“ತಾರವ್ವಾ! ಇದೇನ ಕುದರಿಯೋ ಹಂದರದ ಗಳವೋ? ಪಕ್ಕದ ಎಲುಬ ಎಣಸಬಹುದು! ಇದರ ಮ್ಯಾಲ ನನ್ನ ಮಗನ್ನ ಕುಂಡ್ರಿಸಿದ್ರ ಊರು ನಗೂದಿಲ್ಲೇನು? ನಾ ಬ್ಯಾರೆ ಊರಿಂದ ಕುದರಿ ತರಸ್ತೀನಿ!”

“ಗೌಡ್ರ, ನಿಮ್ಮ ಕಾಲ ಬೀಳ್ತೀನ್ರಿ! ಮದಿವಿಗೆ ಇನ್ನೂ ದಿನಾ ಅದಾವು. ಒಂದ ಸಲ ಚಂದ್ರೀನ ಬ್ಯಾಡ ಅಂದ್ರಿ ಅಂದ್ರ ಮುಂದ ಊರಾಗ ಯಾರೂ ಕರಿಯೂದಿಲ್ಲರಿ. ನನ್ನ ಹಿಂದ ಈ ಹುಡಗಗ ಅದನ್ನ ಬಿಟ್ರ ಯಾರದಾರ್ರಿ?”

ತಾರವ್ವ ಅತ್ತ ಬಿಟ್ಲು. ಗೌಡ್ರು ಬಾಗಲಕ್ಕ ಬಂದು ಮೀಸಿ ತಿರುವಿದ್ರು, ನೆಲಾ ನೋಡಿದ್ರು. “ಆತು. ಮದಿವಿ ಹಿಂದಿನ ದಿನಾ ಮತ್ತ ಬಂದು ನೋಡ್ತೀನಿ” ಅಂದು ಹೋದ್ರು.

ತಾರವ್ವ ಮಗನ ಹೆಗಲಿಗೆ ಜೋತುಬಿದ್ದು ತಬೇಲಾಕ್ಕ ಬಂದ್ಲು. ಚಂದ್ರೀನ ನೋಡಿ ಮಗನ ಕಡೆ ಹೊಳ್ಳಿದ್ಲು.

“ಹೆಂಗ ನೋಡ್ತಿದ್ದಿ? ಮಾಡಿ ತೋರಸು!”

ಭರಮ ಗಟ್ಟ್ಯಾಗಿ ಕಣ್ಣ ಮುಚ್ಚಿ, ಚಂದ್ರಿ ಪಕ್ಕದ ಮ್ಯಾಲ ಕೈ ಇಟ್ಟಾ. “ಕೈಗೆ ಹತ್ತಾವು” ಅಂದಾ. “ಕಣ್ಣಿಗೆ ಕಾಣೂದಿಲ್ಲ” ಅಂದಾ.

“ಕಣ್ಣ ಯಾಕ ಮುಚ್ಚೀಯೋ?”

“ತಗದ್ರ ಕಾಣತಾವಬೇ! ಕಾಣಬಾರದು ಅಂದಿದ್ದಿ!”

ತಾರವ್ವ ಹಣಿ ಹಣಿ ಬಡಕೊಂಡ್ಲು.

“ಇನ್ನ ನೀ ನೋಡೂದೂ ಬ್ಯಾಡ, ಮುಟ್ಟೂದೂ ಬ್ಯಾಡ, ವಿಚಾರ ಮಾಡೂದಂತೂ ಬ್ಯಾಡಪಾ ಬ್ಯಾಡ! ಹತ್ತಿ ಜಿನ್ನಿನ ಕಾರಖಾನ್ಯಾಗ ದಿನಾ ಮೂರ ಸಲ ಭೋಂಗಾ ಊದೂದು ಕೇಳತೈತಿಲ್ಲೋ? ಮುಂಜಾನಿ ಭೋಂಗಾಕ್ಕ ಎರಡು ಪೆಂಡಿ ಹುಲ್ಲು. ಮಧ್ಯಾಹ್ನದ ಭೋಂಗಾಕ್ಕ ಎರಡು ಪೆಂಡಿ. ಸಂಜಿ ಭೋಂಗಾಕ್ಕ ತೋಬ್ರಾ ತುಂಬ ಹುರಳಿ. ಆಕಾಶ ಹರಕೊಂಡು ಬೀಳಲಿ, ಭೋಂಗಾ ಆತಂದ್ರ ಮೇವು! ಇನ್ನೊಂದು, ತಿಂದ ಮ್ಯಾಲ ಒಂದ ತಾಸು ಅದರ ಬೆನ್ನ ಮ್ಯಾಲ ಭಾರ ಹಾಕಬ್ಯಾಡ, ಹೊಟ್ಟಿ ಶೂಲಿ ಬರತೈತಿ. ತಿಳೀತಾ?”

“ತಿಳೀತಬೇ. ಭೋಂಗಾ ಆತಂದ್ರ ಮೇವು. ತಿಂದ ಮ್ಯಾಲ ಭಾರ ಹಾಕಬಾರದು.”

ಈ ಸಲ ನೋಡ್ರಿ, ಸರೀನ ಹತ್ತಿತು! ಭೋಂಗಾ ಊದತಿತ್ತು, ಭರಮ ಓಡತಿದ್ದಾ. ಉಣ್ಣೂ ಎಲಿ ಬಿಟ್ಟು ಓಡತಿದ್ದಾ, ಮೈಮ್ಯಾಲ ಸುರುವಿಕೊಂಡ ನೀರು ಸೋರಕೋತ ಓಡತಿದ್ದಾ. ಚಂದ್ರಿ ಮೈ ತುಂಬಿತು, ಬಾಲ ಬೀಸಿತು, ಕಿವಿ ನಿಗರಿಸಿತು. ಮದಿವಿ ಹಿಂದಿನ ದಿನಾ ಗೌಡ್ರು ಬಂದು ಅದರ ಬೆನ್ನ ತಟ್ಟಿ, “ಭೇಷ್!” ಅಂದು ಹೋದ್ರು. ತಾರವ್ವ ಮಗನ ಗಲ್ಲಾ ಹಿಡದು ಲಟಕಿ ಮುರದ್ಲು. “ಕಲತ್ಯೋ ನನ್ನಪ್ಪಾ! ಇನ್ನ ನಾ ಸತ್ರೂ ಚಿಂತಿಲ್ಲ” ಅಂದ್ಲು.

ಮದಿವಿ ದಿನಾ ಬಂತು. ಚಂದ್ರಿ ಬೆನ್ನ ಮ್ಯಾಲ ಜರಿ ಝೂಲಾ, ಕೊಳ್ಳಾಗ ಗೆಜ್ಜಿ. ಬಾಸಿಂಗ ಕಟ್ಟಿದ ಮದುಮಗ ಮ್ಯಾಲ, ಲಗಾಮ ಹಿಡದ ಭರಮ ಕೆಳಗ. ಬಾಜಾ ಬಾರಿಸಿಕೋತ ಮೆರವಣಿಗಿ ಹೆಣ್ಣಿನವ್ರ ಹಂದರದ ಕಡೆ ಹೊಂಟಿತು. ತಾರವ್ವ ಹೊರಸಿನ ಮ್ಯಾಲ ಕುಂತು ಕಿವಿಗೊಟ್ಲು. ಬಾಜಾ ದೂರ ಹೋತು. ಇನ್ನೂ ದೂರ ಹೋತು. ಇನ್ನೇನ ಹಂದರ ಮುಟ್ಟಿರಬೇಕು ಅಂತ ಉಸರ ಬಿಟ್ಲು.

ಅಷ್ಟರಾಗ ಜಿನ್ನಿನ ಭೋಂಗಾ ಆತು. ಮಧ್ಯಾಹ್ನದ್ದು.

ತಾರವ್ವಗ ಬಿಟ್ಟ ಉಸರು ಹೊಳ್ಳಿ ಬರಲಿಲ್ಲ. ಬಾಜಾ ಗಪ್ಪ ಆತು. ಮಂದಿ ಹೋ ಅಂದ್ರು. ಆಮ್ಯಾಲ ಟಕಟಕ ಟಕಟಕ ಅಂತ ಕುದರಿ ಸಪ್ಪಳ, ಘಲ್ ಘಲ್ ಅಂತ ಗೆಜ್ಜಿ ಸಪ್ಪಳ, ಹತ್ರ ಬಂತು, ಇನ್ನೂ ಹತ್ರ ಬಂತು, ಮನಿ ಬಳಸಿ ಹಿತ್ತಲಕ್ಕ ಹೋತು.

ಕುಂಟಕೋತ ಬಂದು ನೋಡ್ತಾಳ, ತಬೇಲಾದಾಗ ಚಂದ್ರಿ ಹುಲ್ಲು ತಿನ್ನಾಕತ್ತೈತಿ. ಮ್ಯಾಲ ಬಾಸಿಂಗ ಕಟಗೊಂಡ ಮದುಮಗ, ತಲಿ ಮಾಳಗಿ ತೊಲಿಗೆ ತಾಗೇತಿ.

“ಭರಮಾ!”

“ಭೋಂಗಾ ಆತಬೇ. ಎರಡು ಪೆಂಡಿ ಹಾಕೀನಿ.”

“ಮದುಮಗನ್ನ ಇಳಿಸಬೇಕಿಲ್ಲೋ?”

“ಭೋಂಗಾ ಆದ ಮ್ಯಾಲ ಇಳಸ್ಕೋತ ಕುಂತ್ರ ಹೊತ್ತ ಹೋಗತೈತಬೇ!”

“ತಾರವ್ವಾ, ಮುಹೂರ್ತ ಬಂತು, ಅಕ್ಕಿಕಾಳು ಬೀಳೂ ಹೊತ್ತಾತು!” ಅಂತ ಮದುಮಗ ಅಳೂದೊಂದ ಬಾಕಿ. “ಇಂವಗ ಹೇಳಬೇ!”

“ಕರಕೊಂಡ ಹೋಗೋ! ಈಗಿಂದೀಗ ಹಂದರಕ್ಕ ಮುಟ್ಟಸು! ಓಡೋ!”

“ಚಂದ್ರಿ ತಿಂದೈತಬೇ. ಭಾರ ಹಾಕಬಾರದು.”

ಅಂದಾವ್ನ ಮದುಮಗನ್ನ ಕೆಳಗಿಳಿಸಿ, ತನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು, ಎರಡೂ ಕಾಲ ಗಟ್ಟ್ಯಾಗಿ ಹಿಡದು ಓಡಿದಾ. ಮದುಮಗ ಬಾಸಿಂಗ ಹಿಡಕೊಂಡು ಕೂಗತಾನ, ಇಂವ ಓಡತಾನ. ತಾರವ್ವ ಹಿಂದಿಂದ ಒದರಿದ್ಲು.

“ಇನ್ನ ಮುಂದ ಎಷ್ಟು ಏನು ಅಂತ ನಿನಗ ತಿಳೀಲಿಲ್ಲ ಅಂದ್ರ ನನ್ನ ಬಂದು ಕೇಳೋ! ನನ್ನ ಕೇಳದ ಏನೂ ಮಾಡಬ್ಯಾಡೋ ನನ್ನಪ್ಪಾ!”

“ತಿಳೀತಬೇ!”

ಹೊರಸಿಗೆ ಬಂದು ಕುಂತ್ಲು. ಹೋತು, ಎಲ್ಲಾ ಹೋತು, ಇನ್ನ ಈ ಊರಾಗ ನಮ್ಮ ಕುದರೀನ ಯಾರ ಕೇಳ್ತಾರ ಅಂದ್ಲು. ಅಷ್ಟರಾಗ ದೂರದಾಗ ಬಾಜಾ ಬಡದ್ರು, ಜೋರ ಬಡದ್ರು. ಅಕ್ಕಿಕಾಳು ಬಿದ್ದವು! ಹೊತ್ತಿಗೆ ಮುಟ್ಟ್ಯಾನ! ತಾರವ್ವ ಎರಡೂ ಕೈ ಎತ್ತಿ ಮುಗದ್ಲು.

ಸ್ವಲ್ಪ ಹೊತ್ತಿಗೆ ಭರಮ ತೇಕಕೋತ ಬಂದು ಬಾಗಲದಾಗ ನಿಂತಾ. ಕೈಯಾಗ ಖಾಲಿ ಬಾಳಿ ಎಲಿ.

“ಏನಾತೋ? ಗೌಡ್ರು ಹೊಡದ್ರೇನು?”

“ಇಲ್ಲಬೇ. ಮಂದಿ ನಕ್ಕು ನಕ್ಕು ಬಿದ್ರು. ಗೌಡ್ರೂ ನಕ್ರು. ಸಣ್ಣ ಮಗನ ಮದಿವಿಗೂ ನೀನ ಚಂದ್ರೀನ ಹಿಡಕೊಂಡು ಬಾ, ಆದ್ರ ಭೋಂಗಾ ಆಗೂದ್ರೊಳಗ ಬಾ ಅಂದ್ರು. ಊಟಕ್ಕ ಕುಂಡ್ರಿಸ್ಯಾರ. ಹೋಳಿಗಿ ಬಂದವು. ಬಡಸಾಂವ ಎಷ್ಟು ಹಾಕ್ಲಿ ಅಂತ ಕೇಳಿದಾ. ನಮ್ಮವ್ವನ ಕೇಳಿ ಬರ್ತೀನಿ ತಡೀರಿ ಅಂದ್ನಿ. ಎಷ್ಟು ಹಾಕಿಸಿಕೊಳ್ಳಲಿಬೇ?”

ತಾರವ್ವನ ಕಣ್ಣಾಗ ನೀರ ಬಂತು. ನಾ ಇಲ್ಲದಾಗ ಯಾರ್ನ ಕೇಳ್ತೀಯೋ ನನ್ನ ಮಗನ ಅಂತ ಬಾಯಿತನಕ ಬಂದಿತ್ತು. ನುಂಗಿಕೊಂಡ್ಲು.

“ಎರಡ ಹಾಕಿಸಿಕೊ. ಓಡು, ಪಂಕ್ತಿ ಎದ್ದೀತು!”

ಓಡಿದಾ. ತಾರವ್ವ ನೋಯೂ ಕಾಲು ಹೊರಸಿನ ಮ್ಯಾಲ ಚಾಚಿ, ಸೆರಗಿಲೆ ಮಾರಿ ಒರಸಿಕೊಂಡು, ಇನ್ನೇನ ಗ್ವಾಡಿಗೆ ಒರಗಬೇಕು, ದಡದಡ ಸಪ್ಪಳ ಬಂತು. ಬಾಗಲದಾಗ ಭರಮ. ಎಲಿ ಮ್ಯಾಲ ಎರಡು ಹೋಳಿಗಿ.

“ತುಪ್ಪಾ ಎಷ್ಟಬೇ?”