ತುಂಬಿದ ತೊಟ್ಟಿಗೆ ಬಾಗಿನ

"ಸಿಟ್ಟಲ್ಲಿ ಕೆಲ್ಸ ಬಿಟ್ಟು ಬರಬ್ಯಾಡ ಕಣಯ್ಯ. ನಾನಂತೂ ಇರಲ್ಲ, ಕೆಲ್ಸಾನಾದ್ರೂ ಇರ್ಲಿ." ದೊಡ್ಡೀರಯ್ಯನ ಹೆಂಡತಿ ಸಾಯುವ ಮುನ್ನ ಕೊನೆಗೆ ಆಡಿದ ಮಾತು ಇದು.

ಅವನು ಬಣ್ಣದ ಕಾರ್ಖಾನೆಯ ಕೊಳೆನೀರಿನ ತೊಟ್ಟಿ ನೋಡಿಕೊಳ್ಳುವವನು. ಹೊಸ ಮ್ಯಾನೇಜರ್ ಶ್ರೀಕಂಠಮೂರ್ತಿ ತೊಟ್ಟಿಯ ಮೇಲೆ, ನೀರು ಮುಟ್ಟದೆಯೇ ಮಟ್ಟ ಹೇಳುವ ಯಂತ್ರ ತೂಗುಹಾಕಿಸಿದ್ದರು. ಅದು ನೊರೆಯನ್ನೇ ನೀರೆಂದು ತಿಳಿದು, ತೊಟ್ಟಿ ತುಂಬಿದೆ ಎಂದಿತು.

"ಪಂಪ್ ಹಾಕು. ಇಲ್ಲಾಂದ್ರೆ ಮನೆಗೆ ನಡಿ," ಎಂದರು ಮ್ಯಾನೇಜರ್.

ನೊರೆಯ ಕೆಳಗೆ ತೊಟ್ಟಿ ಖಾಲಿಯೆಂದು ದೊಡ್ಡೀರಯ್ಯನಿಗೆ ಗೊತ್ತಿತ್ತು. ನೀರಿಲ್ಲದೆ ಓಡಿಸಿದರೆ ಪಂಪ್ ಸುಟ್ಟುಹೋಗುತ್ತದೆ. ಆಗಲೂ ಹೋಗುವುದು ತನ್ನ ಕೆಲಸವೇ.

"ಹಾಕ್ತೀನಿ ಸಾರ್. ಆದ್ರೆ ಅಣೆಕಟ್ಟೆ ತುಂಬಿದ್ರೆ ದೊಡ್ಡೋರು ಬಾಗಿನ ಬಿಡ್ತಾರೆ. ನಮ್ಮ ತೊಟ್ಟೀಗೆ ನಿಮ್ಮ ಕೈಯಿಂದಾನೇ ಆಗ್ಲಿ."

ಮ್ಯಾನೇಜರ್ ಉಬ್ಬಿದರು. ಶಾಲು ಬಂತು, ಫೋಟೋದವನು ಬಂದ, ಕೆಲಸಗಾರರೆಲ್ಲ ಸೇರಿದರು. ಅರಿಶಿನ, ಕುಂಕುಮ, ತೆಂಗಿನಕಾಯಿ ಇಟ್ಟ ಮೊರವನ್ನು ಮ್ಯಾನೇಜರ್ ಕಣ್ಣುಮುಚ್ಚಿ ಬಿಟ್ಟರು. ಮೊರ ನೊರೆಯೊಳಗೆ ಮಾಯವಾಯಿತು. ಆಮೇಲೆ ತಳದ ಸಿಮೆಂಟು ದಡಾರ್ ಎಂದಿತು.

ಯಾರೂ ನಗಲಿಲ್ಲ. ಎಲ್ಲರಿಗೂ ಒಟ್ಟಿಗೇ ಕೆಮ್ಮು ಬಂತು.

"ಗಂಗಮ್ಮ ಒಪ್ಕೊಂಡ್ಲು ಸಾರ್. ಈಗ ಪಂಪ್ ಹಾಕ್ಲಾ?"

"ಬೇಡ ಬೇಡ, ಇವತ್ತು ಅಮಾವಾಸ್ಯೆ," ಎಂದರು ಮ್ಯಾನೇಜರ್, ಶಾಲು ಮಡಿಸುತ್ತಾ.

ಮರುದಿನ ಬೆಳಿಗ್ಗೆ ದೊಡ್ಡೀರಯ್ಯ ಎಂದಿನಂತೆ ಕೆಲಸಕ್ಕೆ ಬಂದ. ಕೊಕ್ಕೆ ಹಾಕಿ ಮೊರ ಮೇಲೆತ್ತಿದ. ತೆಂಗಿನಕಾಯಿ ತೊಳೆದು, ಪ್ರಸಾದವೆಂದು ಮ್ಯಾನೇಜರ ಮೇಜಿನ ಮೇಲಿಟ್ಟ.