ಸೀತನಿಯ ಹದ

ಮುರಿಗೆಪ್ಪ ನಾಲಿಗೆಯನ್ನು ಗೆಲ್ಲಲು ಹೊರಟು ಅಂದಿಗೆ ಮೂವತ್ತೆಂಟು ದಿನವಾಗಿತ್ತು. ನಲವತ್ತೊಂದಕ್ಕೆ ಇನ್ನು ಮೂರೇ ದಿನ.

ದಿನಕ್ಕೊಂದು ಹೊತ್ತು ಉಪ್ಪಿಲ್ಲದ ನುಚ್ಚು. ಅದನ್ನೂ ಅಗಿಯದೆ ನುಂಗುವುದು. ಮಠದ ಗುರುಗಳಾದ ಅಜ್ಜಾರು ಹೇಳಿದ ವ್ರತವಲ್ಲ ಅದು, ತಾನಾಗಿ ಹಿಡಿದ ಹಟ. ಮಠಕ್ಕೆ ಬರುವ ಮೊದಲು ಒಂದೇ ಪಂಕ್ತಿಯಲ್ಲಿ ಹದಿನಾರು ಹೋಳಿಗೆ ತಿಂದು ಎದ್ದಿದ್ದ ಆಸಾಮಿ. ಅಂಥವನು ಹಟ ಹಿಡಿದರೆ ಸಣ್ಣದು ಹಿಡಿದಾನೆಯೇ?

ಆ ಹೊಳೆದಂಡೆಯ ಮಠದಲ್ಲಿ ಒಂದು ಪದ್ಧತಿಯಿತ್ತು. ಗುರುಗಳು ಶಿಷ್ಯನ ಕೈಯಿಂದ ಒಂದು ತುತ್ತು ಉಂಡರೆ ಅದೇ ದೀಕ್ಷೆ. ಏಳು ವರ್ಷದಿಂದ ಮುರಿಗೆಪ್ಪ ಕಸ ಹೊಡೆದ, ನೀರು ಹೊತ್ತ, ಅಡಿಗೆ ಮಾಡಿದ. ಅಜ್ಜಾರು ಮಾತ್ರ ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಈ ವ್ರತ ಮುಗಿಸಿದರೆ ತುತ್ತಿಗೆ ಬಾಯಿ ತೆರೆದಾರು ಎಂದು ಅವನ ಆಸೆ.

ಸಂಕ್ರಮಣ ಕಳೆದು ಚಳಿ ಹಿಂದೆ ಸರಿಯುತ್ತಿತ್ತು. ಬೆಳಿಗ್ಗೆ ಕಂಬಳಿ ಬೇಕು, ಮಧ್ಯಾಹ್ನ ನೆರಳು ಬೇಕು ಎನ್ನುವಂಥ ದಿನಗಳು. ಬೇವಿನ ಮರ ಎಲೆ ಉದುರಿಸುತ್ತಿತ್ತು.

ಅಂದು ಬೆಳಿಗ್ಗೆ ಕೆಳಗಿನ ಹೊಲದ ನೀಲವ್ವ ಬಂದು ಕೈಮುಗಿದಳು.

"ಅಜ್ಜಾರ, ನಮ್ಮತ್ತಿ ಊಟಾ ಬಿಟ್ಟು ಎಂಟ ದಿನಾ ಆತ್ರಿ. ಎರಡು ಚಮಚ ಗಂಜೀಗೂ ಬಾಯಿ ತೆರ್ಯಾಕ ಒಲ್ಲಳು. ನಿನ್ನಿ ಸೀತನಿ ಬೇಕಂದ್ಲು."

ಎಳೆಯ ಜೋಳದ ತೆನೆಯನ್ನು ಸಗಣಿಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳು ಮುಕ್ಕುವುದೇ ಸೀತನಿ. ವರ್ಷಕ್ಕೆ ಎಂಟು ಹತ್ತು ದಿನದ ಸುಖ. ಆಮೇಲೆ ಕಾಳು ಬಲಿತುಬಿಡುತ್ತದೆ.

"ಹೊಲ ಎಲ್ಲಾ ಬಲತೈತ್ರಿ. ಹೊಳಿ ಕಡೆ ಒಂದ್ ಮೂಲ್ಯಾಗ ಅಷ್ಟ ಎಳೇವು ಉಳದಾವ. ಸುಡೂ ಹದ ನಮಗ ಬರೂದಿಲ್ಲ. ಮುರಿಗೆಪ್ಪಣ್ಣಾರಿಗೆ ಬರತೈತಿ."

ಅದೂ ನಿಜವೇ. ಹಿಂದೆ ಊರಿಗೆಲ್ಲ ಸೀತನಿ ಸುಡುತ್ತಿದ್ದವನು ಅವನೇ. ಹತ್ತು ತೆನೆ ಸುಟ್ಟರೆ ನಾಲ್ಕು ತನ್ನ ಹೊಟ್ಟೆಗೇ ಇಳಿಸುತ್ತಿದ್ದ, ಅದು ಬೇರೆ ಮಾತು.

"ಹೋಗಿ ಬಾ," ಎಂದರು ಅಜ್ಜಾರು.

"ನನ್ನ ವ್ರತಾರಿ?"

"ಸುಡೂದು ಕೈಲೆ ಅಲ್ಲೇನೋ?" ಎಂದು ಅಜ್ಜಾರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ಹೊಲದ ಬದುವಿನಲ್ಲಿ ನೀಲವ್ವನ ಅತ್ತೆ ಕಾಶವ್ವಾಯಿಯನ್ನು ಚಕ್ಕಡಿಯಲ್ಲಿ ತಂದು ಕಂಬಳಿಯ ಮೇಲೆ ಒರಗಿಸಿದ್ದರು. ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದ್ದಳು. ಮುರಿಗೆಪ್ಪ ತುಟಿ ಬಿಗಿಹಿಡಿದು ಕುಣಿ ತೋಡಿದ, ಕುಳ್ಳು ಹೊತ್ತಿಸಿದ. ಕಣ್ಣಳತೆಯಲ್ಲೇ ತೆನೆ ಆರಿಸಿ ಕೆಂಡಕ್ಕೆ ಹಾಕಿದ.

ಬಡಿದ ಮೊದಲ ಕಾಳು ಆಯಿಯ ಬಾಯಿಗೆ ಹೋಯಿತು. ಆಯಿ ಮುಖ ಸಿಂಡರಿಸಿ ಉಗುಳಿದಳು.

"ಬೆಂದಿಲ್ಲೋ ಯಪ್ಪಾ."

ಎರಡನೆಯ ಸಲ ಜಾಸ್ತಿ ಹೊತ್ತು ಬಿಟ್ಟ.

"ಕಲ್ಲ ತಿನಸ್ತೀಯೇನೋ?" ಎಂದು ಆಯಿ ಬಾಯಿ ಮುಚ್ಚಿ ಆ ಕಡೆ ಹೊರಳಿದಳು.

ಎಳೆಯ ತೆನೆ ಇನ್ನು ಐದೇ ಉಳಿದಿದ್ದವು. ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮುರಿಗೆಪ್ಪ ಕೆಂಡವನ್ನೇ ನೋಡುತ್ತ ಕುಳಿತ. ತಿನ್ನದೆ ಹದ ಗೊತ್ತಾಗುವುದಿಲ್ಲ. ತಿಂದರೆ ಮೂವತ್ತೆಂಟು ದಿನ ಹೊಳೆಯ ಪಾಲು. ಏಳು ವರ್ಷ ಕಾದ ತುತ್ತೂ ಹೋಯಿತು.

"ಮುರದ್ರ ಮುರೀಲಿ!" ಎಂದ ಗಟ್ಟಿಯಾಗಿ.

"ಏನ್ರೀ ಅಣ್ಣಾರ?"

"ಏನಿಲ್ಲವಾ. ಇನ್ನೆರಡು ಕುಳ್ಳು ತಾ."

ಐದೂ ತೆನೆ ಬಿಸಿ ಬೂದಿಯಲ್ಲಿ ಹುಗಿದ. ತುಸು ಹೊತ್ತಿಗೆ ಒಂದನ್ನು ಎಳೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಹಲ್ಲು ತಾಗಿಸಲಿಲ್ಲ. ಹಲ್ಲಿಲ್ಲದ ಆಯಿಯಂತೆ ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನೋಡಿದ. ನಡುವೆ ಇನ್ನೂ ಹಸಿ. ಮತ್ತೆ ಬೂದಿಗೆ ತಳ್ಳಿದ. ಮತ್ತೆ ತೆಗೆದ, ಮತ್ತೆ ಒತ್ತಿದ. ಐದನೆಯ ಸಲ ಕಾಳು ಮೆತ್ತಗೆ ಒಡೆದು ಬಾಯಿತುಂಬ ಹಾಲು ಹರಡಿತು.

"ಬಂತು!" ಎಂದು ಐದೂ ತೆನೆ ಹೊರಗೆಳೆದ. ಅಂಗೈ ಸುಡುತ್ತಿದ್ದರೂ ಬಿಡದೆ ತಿಕ್ಕಿ ಹೊಟ್ಟು ಊದಿದ.

ಆಯಿಯ ಬಾಯಾಡಿತು. ಮುರಿಗೆಪ್ಪ ಉಸಿರು ಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದ. ನುಂಗಿದಳು. ಆಮೇಲೆ ಕೈ ಚಾಚಿದಳು. ಇನ್ನೊಮ್ಮೆ ಚಾಚಿದಳು.

"ಬೆಲ್ಲಾ ಎಲ್ಲೈತೋ? ಬರೇ ಸೀತನಿ ಯಾರರ ತಿಂತಾರೇನು?"

ನೀಲವ್ವ ಅಳುತ್ತಲೇ ನಗುತ್ತ ಬೆಲ್ಲಕ್ಕೆ ಮನೆಗೆ ಓಡಿದಳು.

ಮುರಿಗೆಪ್ಪ ಮಠಕ್ಕೆ ಬಂದವನು ನೇರ ಅಜ್ಜಾರ ಮುಂದೆ ನಿಂತ.

"ವ್ರತ ಮುರದ್ನಿರಿ ಅಜ್ಜಾರ. ಹದ ನೋಡಾಕ ತಿಂದೆ. ಒಂದ್ಸಲ ಅಲ್ಲ, ಐದ್ಸಲ."

"ಕಾಶವ್ವ ತಿಂದ್ಲೇನು?"

"ತಿಂದ್ಲ್ರಿ. ಬೆಲ್ಲಾ ಬ್ಯಾರೆ ಕೇಳಿದ್ಲು."

"ನಿನಗ ರುಚಿ ಹತ್ತಿತೇನು?"

ಮುರಿಗೆಪ್ಪ ಸುಳ್ಳು ಹೇಳಲಿಲ್ಲ. "ಭಾಳ ಹತ್ತಿತ್ರಿ. ಆಕಿ ಬೆಲ್ಲಾ ಕೇಳಿದ ಮ್ಯಾಲ ಇನ್ನಷ್ಟು ಹತ್ತಿತು."

ಮುರಿಗೆಪ್ಪ ಮತ್ತೆ ಕೈಮುಗಿದ.

"ನಾಳಿಂದ ಮತ್ತ ಒಂದನೇ ದಿನಾ ಹಿಡೀತೀನ್ರಿ. ಈ ಸಲ ನಲವತ್ತೊಂದು ಮುಗಿಸೇ ಬಿಡ್ತೀನಿ."

ಅಜ್ಜಾರ ಕಣ್ಣು ಅವನ ಹೆಗಲ ವಲ್ಲಿಯ ತುದಿಯ ಗಂಟಿನ ಮೇಲಿತ್ತು.

"ಅದೇನು ಕಟಗೊಂಡ್ ಬಂದಿ?"

"ಆಯಿ ತಿಂದು ಉಳದ ಸೀತನಿರಿ. ನಿಮಗಂತ ನೀಲವ್ವ ಕಟ್ಟ್ಯಾಳ. ಇನ್ನೂ ಬೆಚ್ಚಗ ಐತಿ. ತಾಟು ತರತೀನಿ, ಬಡಿಸ್ಕೊಳ್ರಿ."

ತಾಟು ಬೇಡವೆಂದು ಕೈಯಾಡಿಸಿ ಅಜ್ಜಾರು ಅವನ ಮುಂದೆ ಬಂದು ಕುಳಿತರು.

"ನನಗೂ ಹಲ್ಲಿಲ್ಲೋ ಮುರಿಗೆಪ್ಪಾ. ಮೊದಲ ನೀ ತಿಂದ್ ನೋಡು, ಆಮ್ಯಾಲ ನನ್ನ ಬಾಯಾಗ ಹಾಕು."